ಅಂಗೈಯಷ್ಟು ಜಾಗ

ನಾನು ಒಂದು ತೆಂಗಿನ ನಾರಿನ ಚಾಪೆ. ಹಾಗೆಂದ ಕೂಡಲೇ ನೀವು ಬಾಗಿಲ ಬಳಿ ಬಿದ್ದುಕೊಂಡು ಕಂಡಕಂಡವರ ಕಾಲು ಒರೆಸುವ ಚಾಪೆಯನ್ನು ನೆನೆಸಿಕೊಂಡಿರುತ್ತೀರಿ. ನಾನು ಆ ಪೈಕಿಯಲ್ಲ. ನನ್ನ ಅಗಲ ಎಂಟು ಅಡಿ. ತಲೆಯ ಕಡೆ ಒಂದು ಮರದ ದಾಂಡು, ದಾಂಡಿಗೆ ಹಗ್ಗ. ಟೆನಿಸ್ ಆಡುವ ಕೆಂಪು ಮಣ್ಣಿನ ಅಂಕಣದ ಮೇಲೆ ನನ್ನನ್ನು ಎಳೆಯುತ್ತಾರೆ. ನಾನು ಹಾದುಹೋದ ಮೇಲೆ ಹೆಜ್ಜೆಯ ಗುರುತಾಗಲಿ, ಚೆಂಡು ಬಿದ್ದ ಕಲೆಯಾಗಲಿ ಉಳಿಯುವುದಿಲ್ಲ. ಅಳಿಸುವುದೇ ನನ್ನ ಕೆಲಸ.

ತಿಪಟೂರಿನ ಹತ್ತಿರದ ಒಂದು ಶೆಡ್ಡಿನಲ್ಲಿ ನಾನು ಹುಟ್ಟಿದೆ. ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಸಿದರು, ಬಡಿದರು, ಹೊಸೆದರು, ಹೆಣೆದರು. ಆ ಬಡಿತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆಮೇಲೆ ಲಾರಿ ಹತ್ತಿ ಧಾರವಾಡದ ಒಂದು ಕ್ಲಬ್ಬಿಗೆ ಬಂದೆ. ಅಲ್ಲಿ ನನ್ನನ್ನು ಬಿಚ್ಚಿ ದಾಂಡಿಗೆ ಮೊಳೆ ಹೊಡೆದವನು ಅಂಕಣ ನೋಡಿಕೊಳ್ಳುವ ಮಾಬುಸಾಬ. ಹೊಡೆಯುವ ಮೊದಲು ಅವನು ನನ್ನ ಮೇಲೆ ಒಮ್ಮೆ ಕೈಯಾಡಿಸಿದ. ಅಷ್ಟಕ್ಕೇ ನಾನು ಅವನವನಾಗಿಬಿಟ್ಟೆ.

ಮಾಬುಸಾಬ ಮಿತಭಾಷಿ. ದಿನಾ ಬೆಳಿಗ್ಗೆ ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಉರುಳಿಸಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಸುತ್ತು ಸುತ್ತಾಗಿ ಎಳೆಯುತ್ತಿದ್ದ. ನನಗೆ ಕಾಣುತ್ತಿದ್ದುದು ಅವನ ಹಿಮ್ಮಡಿ ಮಾತ್ರ. ಆ ಹಿಮ್ಮಡಿಯ ಬಿರುಕುಗಳನ್ನು ನೋಡಿಯೇ ಅವನ ಮನಸ್ಸು ಹೇಗಿದೆ ಎಂದು ಹೇಳಬಲ್ಲವನಾಗಿದ್ದೆ.

ಪ್ರತಿವರ್ಷ ಫೆಬ್ರುವರಿಯಲ್ಲಿ ಅಲ್ಲಿ ವೃತ್ತಿಪರರ ಟೂರ್ನಿ ನಡೆಯುತ್ತಿತ್ತು. ನಾನು ಹೇಳಹೊರಟಿರುವುದು ನನ್ನ ಒಂಬತ್ತನೇ ವರ್ಷದ ಪುರುಷರ ಸಿಂಗಲ್ಸ್ ಫೈನಲ್ಲಿನ ಕಥೆ. ಒಂದು ಕಡೆ ಹೊರದೇಶದ ನೀಳಕಾಯದ ಆಟಗಾರ. ಇನ್ನೊಂದು ಕಡೆ ಬೆಳಗಾವಿಯ ಸಮ್ಮೇದ ಉಪಾಧ್ಯೆ. ಸಮ್ಮೇದನಿಗೆ ಆಗ ಇಪ್ಪತ್ತೊಂಬತ್ತು. ಭುಜಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿತ್ತು. ಈ ಸಲ ಗೆದ್ದರೆ ರ್‍ಯಾಂಕಿಂಗ್ ಏರಿ ದೊಡ್ಡ ಟೂರ್ನಿಗಳ ಅರ್ಹತಾ ಸುತ್ತಿಗೆ ಹೋಗುತ್ತಿದ್ದ. ಸೋತರೆ ಆಟ ಬಿಡುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟು ಬಂದಿದ್ದ. ಇದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಎತ್ತರದ ಕುರ್ಚಿಯಲ್ಲಿ ಕೂತ ಅಂಪೈರ್ ವಾದಿರಾಜ ಹುಯಿಲಗೋಳ. ಅವರ ನೆನಪಿನ ಶಕ್ತಿಗೆ ಊರೇ ತಲೆದೂಗುತ್ತಿತ್ತು. ಯಾವ ಗೇಮಿನಲ್ಲಿ ಯಾವ ಚೆಂಡು ಎಲ್ಲಿ ಬಿತ್ತು ಎಂಬುದನ್ನು ಪಂದ್ಯ ಮುಗಿದ ಮೇಲೂ ಹೇಳುತ್ತಿದ್ದರು. ಮಣ್ಣಿನ ಅಂಕಣದಲ್ಲಿ ಒಂದು ಪದ್ಧತಿಯಿದೆ. ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತಕರಾರು ಬಂದರೆ ಅಂಪೈರ್ ಕೆಳಗಿಳಿದು ಬಂದು ಮಣ್ಣಿನಲ್ಲಿ ಮೂಡಿದ ಗುರುತನ್ನು ನೋಡಿ ತೀರ್ಪು ಕೊಡುತ್ತಾರೆ. ಅದಕ್ಕೇ ಪ್ರತಿ ಸೆಟ್ ಮುಗಿದ ಮೇಲೆ ಹಳೆಯ ಗುರುತುಗಳನ್ನೆಲ್ಲ ನಾನು ಅಳಿಸಬೇಕು.

ಎರಡನೇ ಸೆಟ್ ಮುಗಿಯಿತು. ಇಬ್ಬರಿಗೂ ಒಂದೊಂದು ಸೆಟ್. ಮಾಬುಸಾಬ ನನ್ನನ್ನು ಎಳೆಯತೊಡಗಿದ. ಕೊನೆಯ ಸುತ್ತಿನಲ್ಲಿ ನನ್ನ ಬಲಮೂಲೆಯ ಮೊಳೆ ಕಿತ್ತು ಮೂಲೆ ಮಡಚಿಕೊಂಡಿತು. ಅಂಕಣದ ಒಂದು ಮೂಲೆಯಲ್ಲಿ, ಹಿಂದಿನ ಗೆರೆಯ ಹತ್ತಿರ ಅಂಗೈಯಷ್ಟು ಜಾಗ ಹಾಗೇ ಉಳಿಯಿತು. ಆ ಜಾಗದಲ್ಲಿ ಗೆರೆಗೆ ತಾಗಿಕೊಂಡ ಒಂದು ಚೆಂಡಿನ ಗುರುತು ಇತ್ತು. ಮಾಬುಸಾಬ ತಿರುಗಿ ನೋಡಿದ. ಆಟಗಾರರು ಆಗಲೇ ಎದ್ದು ನಿಂತಿದ್ದರು. ಅಂಗೈಯಷ್ಟು ತಾನೇ ಎಂದುಕೊಂಡು ಅವನು ನನ್ನನ್ನು ಬೇಲಿಯ ಪಕ್ಕಕ್ಕೆ ಎಳೆದುಕೊಂಡು ಹೋದ.

ಮೂರನೇ ಸೆಟ್ಟಿನ ಮೂರನೇ ಗೇಮಿನಲ್ಲಿ ಅದೇ ಮೂಲೆಯಲ್ಲಿ ಒಂದು ಚೆಂಡು ಗೆರೆಯಾಚೆ ಬಿತ್ತು. ಎಲ್ಲ ಆಟಗಾರರೂ ಮಾಡುವಂತೆ ಸಮ್ಮೇದ ಆ ಗುರುತನ್ನು ಬೂಟಿನಿಂದ ಉಜ್ಜಿದ. ಹುಯಿಲಗೋಳರು ಆಗ ಬಗ್ಗಿ ಸ್ಕೋರ್ ಬರೆಯುತ್ತಿದ್ದರು, ಉಜ್ಜಿದ್ದನ್ನು ನೋಡಲಿಲ್ಲ.

ಹತ್ತನೇ ಗೇಮ್. ಸಮ್ಮೇದ ಐದು-ನಾಲ್ಕರಿಂದ ಮುಂದೆ. ಇನ್ನೊಂದು ಪಾಯಿಂಟ್ ಸಿಕ್ಕರೆ ಪಂದ್ಯ ಅವನದು. ಎದುರಾಳಿ ಬೀಸಿ ಹೊಡೆದ ಚೆಂಡು ಆ ಮೂಲೆಗೇ ಬಂತು. ಬೇಲಿಯ ಬಳಿ ಬಿದ್ದಿದ್ದ ನಾನು ಕಣ್ಣಾರೆ ಕಂಡೆ. ಚೆಂಡು ಗೆರೆಯಿಂದ ಎರಡು ಬೆರಳು ಹೊರಗೆ ಬಿತ್ತು. ಗೆರೆ ಕಾಯುವವನು ಔಟ್ ಎಂದ. ಸಮ್ಮೇದ ಮೊಣಕಾಲೂರಿ ಕೂತೇಬಿಟ್ಟ. ಎದುರಾಳಿ ಗುರುತು ನೋಡಿ ಎಂದು ಕೈಯೆತ್ತಿದ.

ಹುಯಿಲಗೋಳರು ಇಳಿದು ಬಂದರು. ಮಣ್ಣಿನಲ್ಲಿ ಎರಡು ಗುರುತುಗಳಿದ್ದವು, ಒಂದು ಗೆರೆಗೆ ತಾಗಿಕೊಂಡು, ಇನ್ನೊಂದು ಹೊರಗೆ. ಸಮ್ಮೇದ ಹೊರಗಿನ ಗುರುತಿನ ಸುತ್ತ ರ್‍ಯಾಕೆಟ್ಟಿನ ತುದಿಯಿಂದ ಒಂದು ವೃತ್ತ ಎಳೆದು ತೋರಿಸಿದ. ಹುಯಿಲಗೋಳರು ಅಲ್ಲವೆಂದು ತಲೆಯಾಡಿಸಿದರು. ಸೆಟ್ಟಿಗೆ ಮೊದಲು ಅಂಕಣ ಎಳೆದಾಗಿದೆ. ಆಮೇಲೆ ಇಲ್ಲಿ ಬಿದ್ದ ಚೆಂಡುಗಳು ಎರಡೇ. ಮೊದಲನೆಯದು ಹೊರಗೆ ಬಿದ್ದದ್ದು ತಮಗೆ ನೆನಪಿದೆ. ಹಾಗಾದರೆ ಗೆರೆಗೆ ತಾಗಿದ್ದೇ ಈಗಿನದು, ಚೆಂಡು ಒಳಗೆ. ಅವರ ಲೆಕ್ಕದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ನಾನು.

ಸಮ್ಮೇದನಿಗೆ ಆಮೇಲೆ ಕೈ ಏಳಲಿಲ್ಲ. ಏಳು-ಐದಕ್ಕೆ ಸೆಟ್ ಹೋಯಿತು. ಪಂದ್ಯವೂ ಹೋಯಿತು. ಅವನು ಬೂಟುಗಳನ್ನು ಬಿಚ್ಚಿ ನೆಟ್ಟಿನ ಬುಡದಲ್ಲಿಟ್ಟು ಬರಿಗಾಲಿನಲ್ಲಿ ಹೊರಟುಹೋದ. ಆ ಮುಖ ಹುಯಿಲಗೋಳರನ್ನು ಕಾಡಿರಬೇಕು. ಅವರು ಮಾಬುಸಾಬನನ್ನು ಕರೆದು ಕೇಳಿದರು.

"ಸೆಟ್ ಆದಮ್ಯಾಲೆ ಪೂರಾ ಎಳದಿದ್ದಿ ಹೌದಲ್ಲೋ?"

"ಹೌದ್ರಿ ಸಾಹೇಬ್ರ. ಪೂರಾ ಎಳದೀನ್ರಿ," ಎಂದ ಮಾಬುಸಾಬ.

ಆಮೇಲೆ ಮೂಲೆಗೆ ಮೊಳೆ ಹೊಡೆದು ನನ್ನನ್ನು ಎಳೆದ. ನಾನು ಎರಡೂ ಗುರುತುಗಳನ್ನು ಅಳಿಸಿದೆ. ನಿಜವಾದದ್ದನ್ನೂ, ಸುಳ್ಳಾದದ್ದನ್ನೂ.

ಮರುದಿನ ಬೆಳಿಗ್ಗೆ ಒಂದು ಗುರುತು ಅಲ್ಲೇ ಇತ್ತು.

ಗೆರೆಯಿಂದ ಎರಡು ಬೆರಳು ಹೊರಗೆ. ರಾತ್ರಿ ಗೇಟಿಗೆ ಬೀಗ ಹಾಕಿತ್ತು. ಮಣ್ಣಿನ ಮೇಲೆ ಒಂದು ಹಕ್ಕಿಯ ಹೆಜ್ಜೆಯೂ ಇರಲಿಲ್ಲ. ಮಾಬುಸಾಬ ನನ್ನನ್ನು ಅದರ ಮೇಲೆ ಎಳೆದ. ಹಾಯುವಾಗ ನನ್ನ ಬಲಮೂಲೆಗೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಗುರುತು ಹೋಯಿತು. ಮರುದಿನ ಮತ್ತೆ ಬಂತು. ಉಳಿದ ಮಣ್ಣೆಲ್ಲ ಒಣಗಿದ್ದರೂ ಅದು ಮಾತ್ರ ಆಗ ತಾನೇ ಬಿದ್ದದ್ದರಂತೆ ಹಸಿಯಾಗಿರುತ್ತಿತ್ತು. ಹತ್ತಿರದಿಂದ ನೋಡಿದರೆ ಚೆಂಡಿನ ಹಳದಿ ಎಳೆಗಳೂ ಒಂದೆರಡು ಕಾಣುತ್ತಿದ್ದವು.

ಮಾಬುಸಾಬ ಆ ಜಾಗವನ್ನು ಮೊಳದಾಳಕ್ಕೆ ಅಗೆದು ಹೊಸ ಮಣ್ಣು ತುಂಬಿ ರೋಲರ್ ಉರುಳಿಸಿದ. ಮರುದಿನ ಗುರುತು ಇತ್ತು, ಅದರ ಸುತ್ತ ರ್‍ಯಾಕೆಟ್ಟಿನ ತುದಿಯಿಂದ ಎಳೆದ ವೃತ್ತವೂ ಇತ್ತು. ಮಾಬುಸಾಬ ಹಗ್ಗ ಬಿಟ್ಟು ನನ್ನ ಮೇಲೇ ಕುಸಿದು ಕೂತ. ನನಗೂ ಹೆದರಿಕೆಯಾಯಿತು, ಮುಚ್ಚಿಡುವುದೇಕೆ.

ಅಂದಿನಿಂದ ಅವನು ಎಲ್ಲರಿಗಿಂತ ಮೊದಲು ಬಂದು ಅದನ್ನು ಅಳಿಸತೊಡಗಿದ. ಯಾರಿಗೂ ಹೇಳಲಿಲ್ಲ. ಕೆಲವು ಮಧ್ಯಾಹ್ನ ಅಂಕಣ ಖಾಲಿಯಿದ್ದಾಗ ಆ ಮೂಲೆಯಿಂದ ಟಪ್ ಎಂದು ಒಂದೇ ಒಂದು ಸದ್ದು ಬರುತ್ತಿತ್ತು. ಅವನು ಅತ್ತ ನೋಡುತ್ತಿರಲಿಲ್ಲ. ಅವನ ಹಿಮ್ಮಡಿಯ ಬಿರುಕುಗಳಲ್ಲಿ ರಕ್ತ ಜಿನುಗುತ್ತಿತ್ತು.

ಹೀಗೇ ವರ್ಷ ತುಂಬಿತು. ಮತ್ತೆ ಫೈನಲ್, ಮತ್ತೆ ಹುಯಿಲಗೋಳರೇ ಅಂಪೈರ್. ಅಂದು ಬೆಳಿಗ್ಗೆ ಅವರು ಅಂಕಣ ನೋಡಲು ಬೇಗ ಬಂದುಬಿಟ್ಟರು. ಮಾಬುಸಾಬನಿಗೆ ಗುರುತು ಅಳಿಸಲು ಹೊತ್ತು ಸಿಗಲಿಲ್ಲ. ಅವನು ಓಡಿಹೋಗಿ ಅದರ ಮೇಲೆ ನಿಂತುಕೊಂಡ.

"ಕಾಲು ತಗಿ," ಎಂದರು ಹುಯಿಲಗೋಳರು.

ಅವನು ಸರಿದ. ಅವರು ಬಗ್ಗಿ ಆ ವೃತ್ತವನ್ನು ಬಹಳ ಹೊತ್ತು ನೋಡಿದರು. ಗೆರೆಗೂ ಗುರುತಿಗೂ ನಡುವೆ ಎರಡು ಬೆರಳಿಟ್ಟರು. ಸರಿಯಾಗಿ ಕೂತವು. ಅವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಮಾಬುಸಾಬ ಹೇಳಿದ.

"ಅಂಗೈಯಷ್ಟು ಜಾಗಾ ಬಿಟ್ಟಿದ್ದೆ ಸಾಹೇಬ್ರ. ಚಾಪಿ ಮೂಲಿ ಕಿತ್ತಿತ್ತು. ನೋಡೀನೂ ಸುಮ್ಮನಾದೆ. ನೀವು ಕೇಳಿದಾಗ ಸುಳ್ಳು ಹೇಳಿದೆ."

ಹುಯಿಲಗೋಳರು ಸಿಟ್ಟಾಗಲಿಲ್ಲ. "ನಾನರ ಅಂವನ ಮುಖಾ ನೋಡಬೇಕಿತ್ತು. ಮಣ್ಣಷ್ಟ ನೋಡಿದೆ," ಎಂದರು. ಅಂದಿನ ಪಂದ್ಯಕ್ಕೆ ಬೇರೆಯವರನ್ನು ಕೂರಿಸಿ ಬೆಳಗಾವಿಗೆ ಫೋನ್ ಮಾಡಿದರು. ಆ ಕುರ್ಚಿಯನ್ನು ಅವರು ಮತ್ತೆಂದೂ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಸಮ್ಮೇದ ಬಂದ. ಊರಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದನಂತೆ. ಹುಯಿಲಗೋಳರು, ಮಾಬುಸಾಬ ಇಬ್ಬರೂ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಅವನು ಗುರುತಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದ.

"ಮೂರನೇ ಗೇಮಿನ ಗುರುತು ಬೂಟಿಲೆ ಅಳಸಿದಾಂವ ನಾನ ಸರ್," ಎಂದ ಕೊನೆಗೆ. "ಅದನ್ನ ಆಗ ಹೇಳಿದ್ರ ನೀವು ಕೇಳತಿದ್ರಿ. ಬಸ್ಸಿನ್ಯಾಗ ಕೂತಮ್ಯಾಲೆ ನೆನಪಾತು. ವರ್ಷಾತು, ದಿನಾ ಮಧ್ಯಾಹ್ನ ಈ ಮೂಲಿಗೇ ಬಂದು ನಿಂತಂಗ ಅನಸತದ ನನಗ."

ಮಾಬುಸಾಬ ಅಳುತ್ತಿದ್ದ. ಸಮ್ಮೇದ ಚಪ್ಪಲಿ ಬಿಟ್ಟು ನನ್ನ ಹಗ್ಗವನ್ನು ತನ್ನ ಹೆಗಲಿಗೆ ಹಾಕಿಕೊಂಡ. ಶಸ್ತ್ರಚಿಕಿತ್ಸೆಯಾದ ಹೆಗಲೇ ಅದು. ನಿಧಾನವಾಗಿ ಎಳೆದ. ನಾನು ನನ್ನ ಒಂದೊಂದು ನಾರನ್ನೂ ಮಣ್ಣಿಗೊತ್ತಿ ಆ ಜಾಗವನ್ನು ಹಾದೆ. ಒಂದು ಎಳೆಯನ್ನೂ ಬಿಡಲಿಲ್ಲ.

ಮರುದಿನ ಗುರುತು ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ.

ಈಗ ಅಲ್ಲಿ ಮಣ್ಣಿಲ್ಲ. ನೀಲಿ ಬಣ್ಣದ ಗಟ್ಟಿ ಅಂಕಣ ಬಂದಿದೆ. ಮಾಬುಸಾಬ ನಿವೃತ್ತನಾದ. ನನ್ನನ್ನು ಹರಿದ ನೆಟ್ಟುಗಳ ಜೊತೆ ಸ್ಟೋರ್ ರೂಮಿನ ಗೋಡೆಗೆ ಒರಗಿಸಿದ್ದಾರೆ. ಒಮ್ಮೆ ಅವನು ನನ್ನನ್ನು ನೋಡಲು ಬಂದ. ಧೂಳು ಕೊಡವಲು ಕೈಯೆತ್ತಿದವನು ನನ್ನ ಬಲಮೂಲೆ ಕಂಡು ಹಾಗೇ ನಿಂತ. ಒಂದು ಹಳೆಯ ಗೋಣಿಚೀಲ ತಂದು ಅದಕ್ಕೆ ಹೊದಿಸಿ, ಬಾಗಿಲು ಎಳೆದುಕೊಂಡು ಹೋದ.

ಇಷ್ಟು ವರ್ಷ ಎಷ್ಟೋ ಜನರ ಹೆಜ್ಜೆ ಅಳಿಸಿದೆ. ಅವೆಲ್ಲ ಎಲ್ಲಿಗೆ ಹೋದವು ಎಂದು ನಾನು ಕೇಳಿಕೊಂಡಿರಲಿಲ್ಲ. ಈಗ ಗೊತ್ತಾಗಿದೆ. ದಿನಾ ಬೆಳಿಗ್ಗೆ ಆ ಗೋಣಿಯ ಕೆಳಗೆ, ನನ್ನ ಒಣಗಿದ ನಾರಿನ ಮೇಲೆ ಅಂಗೈಯಷ್ಟು ಜಾಗ ಒದ್ದೆಯಾಗುತ್ತದೆ. ಅದರಲ್ಲಿ ಕೆಂಪಗೆ, ದುಂಡಗೆ ಒಂದು ಗುರುತು, ಅದರ ಸುತ್ತ ಒಂದು ವೃತ್ತ. ಚಾಪೆಯ ಮೇಲೆ ಚಾಪೆ ಎಳೆಯುವವರು ಯಾರೂ ಇಲ್ಲ.