ಮೇಲಿನ ಬಾಗಿಲ ಬೀಗ

ಫ್ರಿಜ್ ಕಂಪನಿ ಹೊರದೇಶದ್ದು. ನಮ್ಮಂಥವರ ಮನೆಗಳಲ್ಲಿ ಕೂತು, ನೋಡಿ, ಕಲಿತು, ಆಮೇಲೆ ಹೊಸ ಫ್ರಿಜ್ ಮಾಡುತ್ತದಂತೆ. ಹಾಗೆ ಕಲಿಯಲು ಒಬ್ಬಳು ನಮ್ಮ ಅಡುಗೆಮನೆಗೆ ಬಂದಳು. ಅತ್ತೆ ಹಿಂದಿನ ದಿನವೇ ಫ್ರಿಜ್ಜನ್ನು ತಿಕ್ಕಿ ತೊಳೆದು, ಅದಕ್ಕೆ ಹಾಕುತ್ತಿದ್ದ ಬೀಗ ತೆಗೆದು ಬಚ್ಚಿಟ್ಟಿದ್ದರು. ಆದರೆ ನನ್ನ ಗಂಡ ಬಾಗಿಲಿಗೆ ತೂತು ಕೊರೆದು ಕೂರಿಸಿದ್ದ ಚಿಲಕವನ್ನು ಎಲ್ಲಿ ಬಚ್ಚಿಡುವುದು?

ಕಂಪನಿಯವಳ ಕಣ್ಣು ನೇರ ಅಲ್ಲಿಗೇ ಹೋಯಿತು. ಇದು ಯಾಕೆ ಎಂದು ಕೇಳಿದಳು.

"ಬೆಕ್ಕಿನ ಕಾಟ ಕಣಮ್ಮ," ಎಂದರು ಅತ್ತೆ.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಹಗಲೆಲ್ಲ ಇರುವವರು ಅತ್ತೆ ಮತ್ತು ನಾನು. ಒಂದು ಲೋಟ ಹಾಲು ಬೇಕೆಂದರೂ ನಾನು ಅವರ ಸೊಂಟದ ಬೀಗದಕೈಗಾಗಿ ಕೈಯೊಡ್ಡಬೇಕು. ಅವಳನ್ನು ಬಾಗಿಲತನಕ ಬಿಡಲು ಹೋದಾಗ ತಡೆಯಲಾರದೆ ಹೇಳಿಬಿಟ್ಟೆ: "ಆ ಬೆಕ್ಕು ನಾನೇ ಮೇಡಂ. ಬೀಗ ಒಂದು ಇಲ್ದಿದ್ರೆ ಸಾಕು ನಂಗೆ."

ಅವಳು ತಲೆಯಾಡಿಸಿ ಹೋದಳು.

ಮರುವರ್ಷ ಬಳಸಿ ನೋಡಲೆಂದು ಹೊಸ ಫ್ರಿಜ್ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕಂಪನಿ ಇಬ್ಬರ ಮಾತನ್ನೂ ನಡೆಸಿತ್ತು. ಕೆಳಗಿನ ಬಾಗಿಲಿಗೆ ಬೀಗವಿಲ್ಲ. ಅಲ್ಲಿ ನೀರು, ತರಕಾರಿ. ಹಾಲು, ಕೆನೆ, ಸಿಹಿ ಎಲ್ಲ ಮೇಲೆ. ಅದಕ್ಕೆ ಕಾರ್ಖಾನೆಯಲ್ಲೇ ಕೂರಿಸಿದ ಗಟ್ಟಿ ಬೀಗ. ಅತ್ತೆಯ ಮುಖ ಅರಳಿತು. ನನಗೆ ಅಳುವೇ ಬಂತು.

ಎಲ್ಲವನ್ನೂ ಕಲಿತ ಕಂಪನಿ ಅತ್ತೆಯ ಎತ್ತರ ಮಾತ್ರ ನೋಡಿರಲಿಲ್ಲ. ಅವರು ತುದಿಗಾಲಲ್ಲಿ ನಿಂತರು, ಎಟುಕಲಿಲ್ಲ. ಸ್ಟೂಲು ಹತ್ತಿದರು, ತೆರೆದ ಬಾಗಿಲು ಅವರನ್ನೇ ತಳ್ಳಿತು, ನಾನು ಓಡಿ ಹಿಡಿದುಕೊಂಡೆ. ಮದುವೆಯಾದ ಹೊಸದರಲ್ಲಿ ನನ್ನನ್ನು ಏಣಿ ಎಂದು ಆಡಿಕೊಂಡವರು ಇವರೇ. ಕೆಲವು ದಿನ ಹಠ ಹಿಡಿದರು. ಕೊನೆಗೆ ಒಂದು ಮಧ್ಯಾಹ್ನ ಸೊಂಟದಿಂದ ಬೀಗದಕೈ ಬಿಚ್ಚಿದರು.

"ತಗೊ, ನೀನೇ ಇಟ್ಕೊ. ನಂಗೆ ಎಟುಕಲ್ಲ."

ಗೆದ್ದೆ ಎಂದು ಕುಣಿಯಬೇಕಿತ್ತು. ಬರಿ ಸೊಂಟ ಸವರಿಕೊಂಡು ಕೂತವರನ್ನು ನೋಡಿ ಪಾಪ ಅನ್ನಿಸಿತು. ಎರಡು ಲೋಟ ಹಾಲು ಬಗ್ಗಿಸಿ, ಕೆನೆಯನ್ನೆಲ್ಲ ಅವರ ಲೋಟಕ್ಕೇ ಹಾಕಿದೆ. ಅವರು ಲೋಟ ಖಾಲಿ ಮಾಡಿದರು.

ಸ್ವಲ್ಪ ದಿನಕ್ಕೆ ಕಂಪನಿಯವಳ ಫೋನ್ ಬಂತು. ಫ್ರಿಜ್ಜಿನಲ್ಲಿ ಏನಾದರೂ ತೊಂದರೆ ಇದೆಯೇ, ಬದಲಾಯಿಸಬೇಕೇ ಎಂದು ಕೇಳಿದಳು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನೂ ಇಲ್ಲ ಮೇಡಂ," ಎಂದೆ. "ಬೀಗ ಅಲ್ಲೇ ಮೇಲೇ ಇರ್ಲಿ."