ನೂರು ಮೀಟರ್, ಹದಿನೆಂಟು ಸೆಕೆಂಡು

ಐದನೇ ತರಗತಿಯಲ್ಲಿರುವ ನನ್ನ ಮಗಳ ಫಿಟ್‌ನೆಸ್ ಕಾರ್ಡ್ ಮನೆಗೆ ಬಂತು. ಕಳೆದ ವಾರದ ನೂರು ಮೀಟರ್ ಓಟಕ್ಕೆ ಹದಿನೆಂಟು ಸೆಕೆಂಡು, ಷರಾ ‘ಉತ್ತಮ’. ಅವಳ ಬಲಗಾಲಿಗೆ ಪ್ಲಾಸ್ಟರ್ ಹಾಕಿ ಆಗಲೇ ಒಂದು ತಿಂಗಳಾಗಿತ್ತು. ದಿನಾ ನಾನೇ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ತರಗತಿಯಲ್ಲಿ ಕೂರಿಸಿ ಬರುತ್ತಿದ್ದೆ.

ಕಾರ್ಡ್ ಹಿಡಿದು ಪಿ.ಟಿ. ಮೇಷ್ಟರ ಕೋಣೆಗೆ ಹೋದೆ. ತಾವು ಎದ್ದರೆ ಕುರ್ಚಿಗೆ ಬೇಜಾರಾದೀತು ಎಂಬಂತೆ ಕೂತಿದ್ದರು. ಕೊರಳಲ್ಲಿ ಸೀಟಿ, ಮೇಜಿನ ಮೇಲೆ ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಸ್ಟಾಪ್‌ವಾಚ್. ಹಿಂದಿನ ಗೋಡೆಯ ಮೇಲೆ ‘ದಿನಕ್ಕೊಂದು ಗಂಟೆ ಬೆವರು ಸುರಿಸಿ’ ಎಂಬ ಬರಹ. ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಈ ಮಹಾಶಯರಿಗೆ ಏದುಸಿರು.

“ಓಟ ಎಲ್ಲಿ ಮಾಡಿಸಿದ್ರಿ ಸಾರ್?” ಎಂದೆ.

“ನಲವತ್ತು ಮಕ್ಕಳಮ್ಮ, ಈ ಬಿಸಿಲಲ್ಲಿ ಯಾರು ಓಡಿಸ್ತಾ ಕೂರ್ತಾರೆ? ಮುಖ ನೋಡಿದ್ರೆ ಸಾಕು, ಎಷ್ಟು ಸೆಕೆಂಡು ಅಂತ ಹೇಳಿಬಿಡ್ತೀನಿ. ಇಪ್ಪತ್ತೆರಡು ವರ್ಷ ಸರ್ವಿಸ್ ನಂದು.”

ಅಷ್ಟೂ ವರ್ಷ ಕೂತೇ ಸವೆಸಿದ್ದಾರೆ ಎಂಬುದಕ್ಕೆ ಆ ಕುರ್ಚಿಯ ಗುಳಿಬಿದ್ದ ದಿಂಬೇ ಸಾಕ್ಷಿಯಾಗಿತ್ತು.

“ನನ್ನ ಮಗಳ ಮುಖ ನೋಡಿದ್ರಿ, ಕಾಲು ನೋಡಲಿಲ್ಲ. ಮೂಳೆ ಮುರಿದು ತಿಂಗಳಾಯ್ತು.”

ಮೇಷ್ಟರ ಮುಖದಲ್ಲಿ ನಾಚಿಕೆಯ ಗೆರೆಯೂ ಮೂಡಲಿಲ್ಲ. ನನ್ನ ಕೈಯಿಂದ ಕಾರ್ಡ್ ತೆಗೆದುಕೊಂಡು, ಹದಿನೆಂಟನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು.

“ಮೊದಲೇ ಹೇಳೋದಲ್ವಾ? ಆಗಲೇ ಎರಡು ಸೆಕೆಂಡು ಜಾಸ್ತಿ ಹಾಕಿರ್ತಿದ್ದೆ.”