ಮೊಸರನ್ನದ ಮುಂದೆ ರಸ್ಟಿ

ನಾಯಿ ತಿನ್ನಲೊಲ್ಲದು. ತಟ್ಟೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಮೈಥಿಲಿಯ ಬಲಗೈಯನ್ನೇ ನೋಡುತ್ತಿತ್ತು. ಜೊಲ್ಲು ಬೇರೆ ಸುರಿಯುತ್ತಿದೆ, ಹಸಿವಿಲ್ಲ ಅನ್ನುವ ಹಾಗೂ ಇಲ್ಲ.

"ತಿನ್ನೋ ಮಾರಾಯ. ತಂಗಳಲ್ಲ, ಬೆಳಿಗ್ಗೆ ಮಾಡಿದ್ದು," ಎಂದಳು.

ದಿನವೂ ಅದಕ್ಕೆ ಡಬ್ಬಿಯ ಊಟ ಹಾಕುತ್ತಿದ್ದವನು ಗಂಡ ವಾಸುದೇವ. ಇವತ್ತು ಡಬ್ಬಿ ಮುಗಿದಿತ್ತು, ಅವನು ಕೆಳಗೆ ಲಾಂಡ್ರಿ ರೂಮಿನಲ್ಲಿದ್ದ. ಏಳು ತಿಂಗಳ ಹೊಟ್ಟೆ ಹೊತ್ತು ಅಂಗಡಿಗೆ ಯಾರು ಹೋಗುತ್ತಾರೆ ಎಂದು ಮೈಥಿಲಿ ಮೊಸರನ್ನ ಕಲೆಸಿಟ್ಟಿದ್ದಳು.

ಎಂಬತ್ತನಾಲ್ಕರ ಆ ಬೇಸಿಗೆಯಲ್ಲಿ ವಾಸುದೇವನಿಗೆ ಪಾಲೋ ಆಲ್ಟೋದಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಪಿಟ್ಸ್‌ಬರ್ಗಿನಿಂದ ಗಂಟುಮೂಟೆ ಕಟ್ಟಿದ್ದರು. ಬಸುರಿಯೆಂದು ಅವಳನ್ನು ವಿಮಾನ ಹತ್ತಿಸಿ, ತಾನು ಹಳೇ ಕಾರಿನಲ್ಲಿ ಇಡೀ ಅಮೆರಿಕ ದಾಟಿ ಬಂದಿದ್ದ. ಜೊತೆಗೆ ಈ ರಸ್ಟಿ, ವೃದ್ಧಾಶ್ರಮ ಸೇರಿದ ಮನೆ ಓನರಮ್ಮ ಬಿಟ್ಟುಹೋದ ನಾಯಿ. "ನಾನು, ರಸ್ಟಿ, ಇಬ್ಬರೇ," ಅಂದಿದ್ದ. ಇಬ್ಬರೇ ಅಂತೆ! ಫೋಟೋ ಪ್ರಿಂಟು ಹಾಕಿಸಿ ತಂದಾಗ ನೋಡಿದರೆ ವಯೋಮಿಂಗಿನ ಬೋರ್ಡಿನ ಕೆಳಗೆ ಗಂಡ ಮತ್ತು ನಾಯಿ, ಉಪ್ಪಿನ ಬಯಲಿನಲ್ಲೂ ಗಂಡ ಮತ್ತು ನಾಯಿ. "ತೆಗೆದವರು ಯಾರ್ರೀ?" ಅಂದರೆ, "ಯಾರೋ ದಾರೀಲಿ ಹೋಗೋರು." ಪಾಪ, ದಾರಿಹೋಕರಿಗೆ ಬೇರೆ ಕೆಲಸವಿರಲಿಲ್ಲ, ಊರೂರಲ್ಲೂ ಇವನಿಗೋಸ್ಕರ ಕಾದು ನಿಂತಿದ್ದರು!

ಪಾಲೋ ಆಲ್ಟೋಗೆ ಹತ್ತಿರವೆಂದು ಕ್ಯುಪರ್ಟಿನೋದಲ್ಲಿ ಮನೆ ಹಿಡಿದ ಮೇಲೆ ಅವನು ಕಾರು ಮುಟ್ಟಿರಲಿಲ್ಲ. ಆಫೀಸಿಗೆ ಬಸ್ಸು. ಕೇಳಿದರೆ ಎಂಜಿನ್ನು ಸುಸ್ತಾಗಿದೆ ಅನ್ನುತ್ತಿದ್ದ. ಅವನಿಲ್ಲದಾಗ ಮೈಥಿಲಿ ಕಾರಿನ ಸೀಟನ್ನೆಲ್ಲ ತಡಕಿ ನೋಡಿದ್ದಳು. ಅವನ ಪಿಟ್ಸ್‌ಬರ್ಗ್ ಆಫೀಸಿನಲ್ಲಿ ಕೆಂಚುಗೂದಲಿನವಳು ಒಬ್ಬಳಿದ್ದಳು, ಡಯೇನ್ ಅಂತ. ಸಿಕ್ಕಿದ್ದೆಲ್ಲ ನಾಯಿಯ ಕೂದಲು. ಮಗು ಹುಟ್ಟುವ ಹೊತ್ತಿಗೆ ಗಂಡ ತನ್ನವನಾಗಿ ಉಳಿದಿರುತ್ತಾನೋ ಇಲ್ಲವೋ ಎಂದು ಅವಳ ಜೀವ ಹಿಂಡಿಹೋಗಿತ್ತು.

ಬಾಯಾರಿಕೆ ಇರಬೇಕೆಂದು ಲೋಟದಲ್ಲಿ ನೀರು ತಂದಳು. ಬಗ್ಗುವಾಗ ಲೋಟ ವಾಲಿ ತಟ್ಟೆಯ ಪಕ್ಕ ಒಂದಿಷ್ಟು ಚೆಲ್ಲಿತು. ರಸ್ಟಿ ತಕ್ಷಣ ಅನ್ನಕ್ಕೆ ಬಾಯಿ ಹಾಕಿತು. ಇನ್ನೊಂದು ತುತ್ತು ಹಾಕಿದಳು. ಮತ್ತೆ ಕೂತು ಕೈ ನೋಡಿತು. ಮೈಥಿಲಿ ಅಂಗೈಗೆ ನೀರು ಹಾಕಿಕೊಂಡು, ಮೈಸೂರಿನ ಮನೆಯಲ್ಲಿ ಅಪ್ಪ ಊಟಕ್ಕೆ ಮುಂಚೆ ಮಾಡುತ್ತಿದ್ದ ಹಾಗೆ, ತಟ್ಟೆಯ ಸುತ್ತ ಬಿಟ್ಟಳು. ನಾಯಿ ಗಬಗಬ ತಿಂದಿತು.

ಅಯ್ಯೋ ರಾಮಾ! ಪರಿಷೇಚನೆ! ವಾಸುದೇವ ಜನಿವಾರವನ್ನೇ ಕಾಲೇಜಿನ ಹಾಸ್ಟೆಲಿನಲ್ಲಿ ಬಿಚ್ಚಿಟ್ಟವನು. ಅವರಿಗೆ ಗೊತ್ತಿದ್ದವರಲ್ಲಿ ಕ್ಯಾಂಟೀನಿನ ಪೇಪರ್ ಪ್ಲೇಟಿಗೂ ನೀರು ಸುತ್ತದೆ ಉಣ್ಣದವನು ಒಬ್ಬನೇ, ಪಿಟ್ಸ್‌ಬರ್ಗಿನ ಗೆಳೆಯ ಶೇಷಗಿರಿ. ಕಾರಿನಲ್ಲಿ ಜೊತೆಗಿದ್ದದ್ದು ಹೆಂಗಸಲ್ಲವಲ್ಲ ಎಂದು ಹಾಯೆನಿಸಿತು. ಆದರೆ ಶೇಷಗಿರಿ ಬಂದದ್ದನ್ನು ಮುಚ್ಚಿಡುವುದು ಯಾಕೆ?

ವಾಸುದೇವ ಬಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದ. "ಬೇಗ ರೆಡಿಯಾಗು. ಇವತ್ತು ನಿನ್ನ ಡಾಕ್ಟರ ಹತ್ರ ಕಾರಲ್ಲೇ ಹೋಗೋಣ. ದಿನಾ ಗೊಣಗ್ತೀಯಲ್ಲ."

"ಶೇಷಗಿರಿ ವಾಪಸ್ ಯಾವತ್ತು ಹೋದ್ರು?"

ಬುಟ್ಟಿ ಅವನ ಕೈಯಲ್ಲೇ ಉಳಿಯಿತು. "ಅವನು ಫೋನ್ ಮಾಡಿದ್ನಾ?"

"ನಾಯಿ ಹೇಳ್ತು. ಅದಕ್ಕೆ ಪರಿಷೇಚನೆ ಇಲ್ಲದೆ ಅನ್ನ ಇಳಿಯಲ್ಲವಂತೆ."

ವಾಸುದೇವ ನಗಲು ಹೋದ, ಆಗಲಿಲ್ಲ. ಸೋಫಾದ ತುದಿಯಲ್ಲಿ ಕೂತ.

"ಮೊಟೆಲ್‌ನಲ್ಲಿ ಅವನೇ ಅನ್ನ ಮಾಡ್ತಿದ್ದ. ತನ್ನ ತಟ್ಟೆಗೆ ನೀರು ಸುತ್ತಿ, ಇದರ ತಟ್ಟೆಗೂ ಸುತ್ತೋನು. ಅಲ್ಲೀತನಕ ಮುಟ್ಟೋಕೆ ಬಿಡ್ತಿರಲಿಲ್ಲ."

"ನಾನು ಕೇಳಿದ್ದು ಅದಲ್ಲ."

"ಓಹಾಯೋದಲ್ಲಿ ನನಗೆ ಫಿಟ್ಸ್ ಬಂತು, ಮೈಥಿಲಿ. ಡ್ರೈವ್ ಮಾಡ್ತಾ ಇದ್ದೆ. ಎಚ್ಚರ ಆದಾಗ ಕಾರು ಜೋಳದ ಹೊಲದಲ್ಲಿತ್ತು, ರಸ್ಟಿ ನನ್ನ ಮುಖ ನೆಕ್ತಾ ಇತ್ತು. ಆಸ್ಪತ್ರೆಯಿಂದ ಅವನಿಗೆ ಫೋನ್ ಮಾಡಿದೆ. ರಜ ಹಾಕಿ ಬಂದು ಇಲ್ಲೀವರೆಗೂ ಅವನೇ ಓಡಿಸ್ದ."

"ಡಾಕ್ಟರು ಏನಂದ್ರು?"

"ಸದ್ಯಕ್ಕೆ ಸ್ಟಿಯರಿಂಗ್ ಮುಟ್ಟಬಾರದು ಅಂದ್ರು."

ಮೈಥಿಲಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. "ಮತ್ತೆ ಈಗ ನನ್ನ ಕೂರಿಸ್ಕೊಂಡು ಫ್ರೀವೇಗೆ ಹೊರಟಿದ್ರಲ್ರೀ! ಈ ಮಗೂನ ಕೂರಿಸ್ಕೊಂಡು!"

"ದಿನಾ ಕೇಳ್ತಿದ್ದೆ ನೀನು. ಕಾರು ಯಾಕೆ ತೆಗೆಯಲ್ಲ, ಏನು ಮುಚ್ಚಿಡ್ತಿದೀರ ಅಂತ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ." ಅವನು ರಸ್ಟಿಯ ಕಡೆ ತಿರುಗಿದ. "ಇವತ್ತೊಂದು ದಿನ ಓಡಿಸಿಬಿಟ್ರೆ ನಿನ್ನ ಅನುಮಾನ ಹೋಗುತ್ತೆ ಅಂದ್ಕೊಂಡೆ."

ಅವಳಿಗೆ ಬೈಯಬೇಕೆನಿಸಿತು, ಅತ್ತುಬಿಡಬೇಕೆನಿಸಿತು. ಎರಡೂ ಆಗಲಿಲ್ಲ. ಬಗ್ಗಿ ಚಪ್ಪಲಿ ಮೆಟ್ಟಲು ಹೊಟ್ಟೆ ಅಡ್ಡ ಬಂತು. ಅವನೇ ಬಂದು ಮಂಡಿಯೂರಿ ಪಟ್ಟಿ ಹಾಕಿದ. ಕೆಳಗೆ ಬಗ್ಗಿದ್ದ ಅವನ ನೆತ್ತಿಯಲ್ಲಿ, ಕೂದಲ ಮರೆಯಲ್ಲಿ, ಹೊಲಿಗೆಯ ಗುರುತು ಕಾಣಿಸಿತು. ಇಷ್ಟು ದಿನ ಒಂದೇ ಹಾಸಿಗೆಯಲ್ಲಿ ಮಲಗಿಯೂ ಅವಳು ನೋಡಿರಲಿಲ್ಲ.

ಬಸ್ ಸ್ಟಾಪಿಗೆ ನಡೆದೇ ಹೊರಟರು. ರಸ್ತೆಯಲ್ಲಿ ಕಾರುಗಳು ಸೊಂಯ್ ಸೊಂಯ್ ಎಂದು ಹಾಯುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಮೈಥಿಲಿ ನಿಂತಳು. ಅವನನ್ನು ಬೇಲಿಯ ಕಡೆಗೆ ಸರಿಸಿ, ತಾನು ರಸ್ತೆಯ ಕಡೆಗೆ ಬಂದು, ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಡೆದಳು.